ಏಳನೇ ಟ್ಯಾಂಕಿನ ಪುಟ

ನ್ಯೂಜೆರ್ಸಿಯ ಹಿಲ್ಸ್‌ಬರೋದ ಮಗಳ ಮನೆಗೆ ಬಂದ ಎರಡು ವರ್ಷಗಳಲ್ಲಿ ದೇಜಪ್ಪ ಈ ಕಥೆಯನ್ನು ಕಡಿಮೆಯೆಂದರೂ ಹತ್ತು ಮನೆಗಳಲ್ಲಿ ಹೇಳಿದ್ದ. ಹೇಳುವುದು ಊಟವಾದ ಮೇಲೆಯೇ. ಗಂಡಸರು ಬೇಸ್‌ಮೆಂಟಿನ ಸೋಫಾಗಳಲ್ಲಿ ಕಾಲು ಚಾಚಿ ಕೂತಿರುತ್ತಾರೆ, ಯಾರೋ ಒಬ್ಬರು ಲೇ-ಆಫ್ ಮಾತು ತೆಗೆಯುತ್ತಾರೆ, ಅದು ವೀಸಾದ ಕಡೆ ಹೊರಳಿ ಎಲ್ಲರ ಮುಖ ಸಪ್ಪಗಾಗುವ ಹೊತ್ತಿಗೆ ಮಗಳು ದೀಕ್ಷಿತಾ ಮೆಟ್ಟಿಲ ಮೇಲಿಂದಲೇ ಕೂಗುತ್ತಾಳೆ: "ಪಪ್ಪಾ, ಆ ಟ್ಯಾಂಕ್ ಉಕ್ಕಿದ ಕಥೆ ಹೇಳಿ!"

ದೇಜಪ್ಪ ಮೊದಲು ಬೇಡ ಬೇಡ ಎನ್ನುತ್ತಾನೆ. ಆಮೇಲೆ ಹೇಳುತ್ತಾನೆ. ಒಮಾನಿನ ಕಡಲ ದಂಡೆಯಲ್ಲಿ ಕಚ್ಚಾ ಎಣ್ಣೆ ತುಂಬಿಡುವ ಒಂಬತ್ತು ಟ್ಯಾಂಕುಗಳು, ಒಂದೊಂದೂ ನಾಲ್ಕು ಮಾಳಿಗೆ ಎತ್ತರ. ಅವುಗಳ ನೆತ್ತಿಗೆ ಹತ್ತಿ, ಟೇಪು ಇಳಿಸಿ, ಎಣ್ಣೆ ಎಷ್ಟಿದೆ ಎಂದು ಅಳೆಯುವುದು ಅವನ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಒಂದು ತೊಟ್ಟು ಹೊರಗೆ ಚೆಲ್ಲಿರಲಿಲ್ಲ. ಆಮೇಲೆ ಅಲ್ಲಿಯ ಸರಕಾರ, ಇನ್ನು ಮೇಲೆ ನಮ್ಮ ಮಕ್ಕಳಿಗೇ ಕೆಲಸ ಎಂದಿತು. ಅವನ ಜಾಗಕ್ಕೆ ಒಬ್ಬಳು ಹುಡುಗಿಯನ್ನು ತಂದು ನಿಲ್ಲಿಸಿದರು. "ನಾನು ಪ್ಲೇನ್ ಹತ್ತಿ ಎರಡು ತಿಂಗಳು ಸಹ ಆಗಿರ್ಲಿಲ್ಲ ಮಾರಾಯ್ರೆ, ಟ್ಯಾಂಕ್ ಉಕ್ಕಿತಲ್ಲ! ಒಲೆ ಮೇಲೆ ಹಾಲು ಇಟ್ಟು ಮರೆತ ಹಾಗೆ!"

ಬೇಸ್‌ಮೆಂಟೆಲ್ಲ ನಗು. ಕೆಲಸ ಕಳೆದುಕೊಂಡವರು ಮಿಕ್ಕವರಿಗಿಂತ ಜೋರಾಗಿ ನಗುತ್ತಾರೆ. ತಮ್ಮನ್ನು ಹೊರಗೆ ಹಾಕಿದ ಕಂಪನಿಯೂ ಹೀಗೇ ಒಂದು ದಿನ ಉಕ್ಕಿ ಹರಿಯಲಿ ಎಂಬ ಆಸೆ ಯಾರಿಗಿರುವುದಿಲ್ಲ? ಅಳಿಯ ನಿಹಾಲ್ ಮಾವನ ಬೆನ್ನು ತಟ್ಟುತ್ತಾನೆ. ಅವನ ತಾಯಿ ಮೈಸೂರಿನವರು, ಅವನಿಗೆ ಮಾವನ ಮನೆಮಾತಾದ ತುಳು ಬಾರದು. ಆದ್ದರಿಂದ ಮನೆಯಲ್ಲಿ ಕನ್ನಡ, ಕಥೆಯೂ ಕನ್ನಡದಲ್ಲೇ.

ಈ ಕಥೆಯಲ್ಲಿ ಒಂದು ಸಂಗತಿಯನ್ನು ಮಾತ್ರ ದೇಜಪ್ಪ ಯಾವ ಮನೆಯಲ್ಲೂ ಹೇಳಿರಲಿಲ್ಲ. ಟ್ಯಾಂಕ್ ಯಾಕೆ ಉಕ್ಕಿತು ಎಂಬುದನ್ನು.

ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ, ರಾಬಿನ್ಸ್‌ವಿಲ್‌ನ ವೇರ್‌ಹೌಸಿನಲ್ಲಿ ಬ್ರೇಕಿಗೆಂದು ಕೂತು ಡಬ್ಬಿಯ ಉಪ್ಪಿಟ್ಟು ತಿನ್ನುತ್ತಿದ್ದಾಗ ಅವನ ಫೋನಿಗೆ ಒಮಾನಿನ ನಂಬರಿನಿಂದ ಒಂದು ಮೆಸೇಜು ಬಂತು. ವಾರಕ್ಕೆ ನಾಲ್ಕು ದಿನ ಅವನು ಆ ವೇರ್‌ಹೌಸಿನಲ್ಲಿ ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡುತ್ತಿದ್ದ. ಅರವತ್ತರ ಹತ್ತಿರದಲ್ಲಿ ಮನೆಯಲ್ಲಿ ಸುಮ್ಮನೆ ಕೂತು ಟಿವಿ ನೋಡುವುದಕ್ಕಿಂತ ವಾಸಿ ಎಂದು ತಾನೇ ಹುಡುಕಿಕೊಂಡ ಕೆಲಸ ಅದು.

"ಉಸ್ತಾದ್, ಸಲಾಂ. ನಾನು ಸಲ್ಮಾ," ಎಂದು ಇಂಗ್ಲಿಷಿನಲ್ಲಿತ್ತು. "ಆರೋಗ್ಯವೇ? ಗುಲಾಬಿ ಆಂಟಿಯ ಮೊಣಕಾಲು ಹೇಗಿದೆ? ನನ್ನನ್ನು ಕೆಲಸದಿಂದ ತೆಗೆದು ಮೂರು ವರ್ಷವಾಯಿತು. ಆಮೇಲೆ ಎಲ್ಲೂ ಕೆಲಸ ಸಿಗಲಿಲ್ಲ. ಎಣ್ಣೆಯೊಂದನ್ನೇ ನಂಬಿ ಕೂರಬಾರದು ಎಂದು ನಮ್ಮಲ್ಲಿ ಈಗ ಬಿಸಿಲಿನಿಂದ, ಗಾಳಿಯಿಂದ ಹೈಡ್ರೋಜನ್ ತಯಾರಿಸುವ ಕಾರ್ಖಾನೆ ಕಟ್ಟುತ್ತಿದ್ದಾರೆ. ಅದರ ಪರೀಕ್ಷೆ ಪಾಸು ಮಾಡಿದ್ದೇನೆ. ಆದರೆ ನನ್ನ ಫೈಲಿನಲ್ಲಿ 'ನಿರ್ಲಕ್ಷ್ಯಕ್ಕಾಗಿ ವಜಾ' ಎಂದಿದೆ. ಆ ಮಾತು ಇರುವ ತನಕ ಟ್ಯಾಂಕು, ವಾಲ್ವು ಇರುವ ಯಾವ ಜಾಗಕ್ಕೂ ನನ್ನನ್ನು ಬಿಡುವುದಿಲ್ಲ. ಕಾರ್ಮಿಕರ ಸಮಿತಿ ಇನ್ನೊಮ್ಮೆ ವಿಚಾರಣೆ ಮಾಡಲು ಒಪ್ಪಿದೆ, ಮಾರ್ಚ್ ಹತ್ತಕ್ಕೆ."

ಅದರ ಕೆಳಗೆ ಒಂದು ಫೋಟೊ. ದೇಜಪ್ಪನ ಹಳೆಯ ಡೈರಿ, ದೇಜಪ್ಪನದೇ ಕೈಬರಹ. "ನೀವು ಚಹಾಕ್ಕೆ ಹೋದಾಗ ತೆಗೆದದ್ದು. ಕೇಳದೆ ತೆಗೆದದ್ದಕ್ಕೆ ಕ್ಷಮಿಸಿ. ನಿಮ್ಮ ಲಿಪಿ ನನಗೆ ತಿಳಿಯದು. ಆದರೆ ಒಂದೊಂದು ಟ್ಯಾಂಕಿಗೆ ಒಂದೊಂದು ಪುಟ ಎಂಬುದು ತಿಳಿಯುತ್ತಿತ್ತು. ಏಳನೆಯ ಪುಟ ಮಾತ್ರ ತುಂಬಿ ಅಂಚಿನ ತನಕ ಹೋಗಿದೆ. ಉಕ್ಕಿದ್ದೂ ಏಳನೇ ಟ್ಯಾಂಕೇ. ಆ ಪುಟದಲ್ಲಿ ಏನಿದೆ ಉಸ್ತಾದ್?"

ದೇಜಪ್ಪ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಪಕ್ಕದಲ್ಲಿ ಯಾರೂ ಅವನನ್ನು ನೋಡುತ್ತಿರಲಿಲ್ಲ. ಆದರೂ ಕಿವಿ ಬಿಸಿಯಾಯಿತು.

ಡೈರಿ ಶುರುವಾದದ್ದು ಕಪಟದಿಂದಲ್ಲ, ಅದನ್ನಾದರೂ ಅವನ ಪರವಾಗಿ ಹೇಳಬೇಕು. ಕಿನ್ನಿಗೋಳಿಯ ಕನ್ನಡ ಶಾಲೆಯಲ್ಲಿ ಓದಿದವನಿಗೆ ಇಂಗ್ಲಿಷಿನಲ್ಲಿ ಬರೆಯುವುದು ನಿಧಾನ. ಒಂದೊಂದು ಟ್ಯಾಂಕಿಗೂ ಒಂದೊಂದು ಚಾಳಿ ಇರುತ್ತದೆ. ಯಾವುದರ ಮುಚ್ಚಳ ಬಿಗಿ, ಯಾವುದರ ಏಣಿ ಸಡಿಲ, ಯಾವುದು ಬಿಸಿಲಿಗೆ ಬೇಗ ಹಿಗ್ಗುತ್ತದೆ, ಅದನ್ನೆಲ್ಲ ಅವನು ಕನ್ನಡದಲ್ಲಿ ಗುರುತು ಹಾಕಿಕೊಂಡ. ಆಮೇಲೆ, ಪರದೇಶದವರ ಜಾಗಕ್ಕೆ ಒಮಾನಿನವರನ್ನೇ ತರುತ್ತಾರೆ ಎಂಬ ಸುದ್ದಿ ಹುಟ್ಟಿದ ಮೇಲೆ, ಕ್ಯಾಂಟೀನಿನಲ್ಲಿ ಎಲ್ಲರಿಗೂ ಒಂದೇ ಬುದ್ಧಿ ಬಂತು. ಹೊಸಬರಿಗೆ ಓದಲು ಬಾರದ ಹಾಗೆ ಮಲಯಾಳಿಗಳು ಮಲಯಾಳದಲ್ಲಿ ಬರೆದಿಟ್ಟರು, ತಮಿಳರು ತಮಿಳಿನಲ್ಲಿ. ದೇಜಪ್ಪನದು ಮೊದಲೇ ಕನ್ನಡದಲ್ಲಿತ್ತು. ಬೇಲಿ ಕಟ್ಟುವ ಶ್ರಮವೂ ಅವನಿಗಿರಲಿಲ್ಲ.

ಏಳನೇ ಟ್ಯಾಂಕಿನ ವಿಷಯ ಇಷ್ಟೇ. ಟ್ಯಾಂಕಿನ ನೆತ್ತಿಯಿಂದ ತಳದವರೆಗೆ ಒಂದು ಕೊಳವೆ ಇರುತ್ತದೆ, ಅದರೊಳಗೆ ಟೇಪು ಇಳಿಸಿ ಅಳೆಯುತ್ತಾರೆ. ಕೊಳವೆಯ ಮೈಯಲ್ಲಿ ಉದ್ದಕ್ಕೂ ತೂತುಗಳು. ಹೊರಗಿನ ಎಣ್ಣೆ ಏರಿದಷ್ಟೇ ಒಳಗೂ ಏರಲಿ ಎಂದು. ಏಳನೇ ಟ್ಯಾಂಕಿನ ದಕ್ಷಿಣದ ಕೊಳವೆಯಲ್ಲಿ ಚಳಿಗಾಲ ಬಂತೆಂದರೆ ಎಣ್ಣೆಯ ಮೇಣ ಕಟ್ಟಿ ತೂತುಗಳು ಮುಚ್ಚುತ್ತಿದ್ದವು. ಅಲ್ಲಿಯ ಚಳಿ ಎಂದರೆ ನ್ಯೂಜೆರ್ಸಿಯವರು ನಗಬೇಕು, ಮೇಣಕ್ಕೆ ಅಷ್ಟು ಸಾಕಿತ್ತು. ಹೊರಗೆ ಎಣ್ಣೆ ಏರುತ್ತಲೇ ಇರುತ್ತದೆ, ಕೊಳವೆಯೊಳಗೆ ಏರುವುದಿಲ್ಲ, ಟೇಪು ಇನ್ನೂ ಜಾಗ ಇದೆ ಎಂದು ತೋರಿಸುತ್ತದೆ. ಇದನ್ನು ಅವನು ಕಂಡುಹಿಡಿದು ಹದಿಮೂರು ವರ್ಷವಾಗಿತ್ತು. ಮೇಲಿನವರಿಗೆ ಒಂದು ಮಾತು ಹೇಳಿದ್ದರೆ ಕೊಳವೆ ತೊಳೆಸುತ್ತಿದ್ದರು. ಅವನು ಹೇಳಲಿಲ್ಲ. ತನಗೊಬ್ಬನಿಗೇ ಗೊತ್ತಿರುವ ಒಂದು ಸಂಗತಿ ಕೈಯಲ್ಲಿದ್ದರೆ ಕೆಲಸ ಗಟ್ಟಿ ಎಂದುಕೊಂಡ.

ಒಮಾನಿನ ಹುಡುಗರು ಕೆಲಸ ಕೊಡಿ ಎಂದು ಬೀದಿಗಿಳಿದ ಮರುವರ್ಷ ಸಲ್ಮಾ ಬಂದಳು. ತಂದೆ ಮೀನುಗಾರ. ಡಿಪ್ಲೊಮಾ ಮಾಡಿ ಎರಡು ವರ್ಷ ಮನೆಯಲ್ಲಿ ಕೂತಿದ್ದವಳು. ತಲೆಗೆ ಕಟ್ಟಿದ ಬಟ್ಟೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಟ್ಯಾಂಕುಗಳ ಆವರಣಕ್ಕೆ ಕಾಲಿಟ್ಟ ಮೊದಲ ಹೆಂಗಸು. ಆರು ತಿಂಗಳು ದೇಜಪ್ಪ ಅವಳಿಗೆ ಕಲಿಸಬೇಕು, ಆಮೇಲೆ ಮೂಟೆ ಕಟ್ಟಬೇಕು ಎಂದು ಆರ್ಡರ್. ಇವರಿಂದ ಕೆಲಸವಾದೀತೇ, ನೆರಳಿನಲ್ಲಿ ಕೂತು ಖಹ್ವಾ ಕಾಫಿ ಕುಡಿಯುವ ಜನ ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ನಕ್ಕರು. ದೇಜಪ್ಪನೂ ನಕ್ಕ.

ಅವಳು ನೆರಳಿನಲ್ಲಿ ಕೂರಲಿಲ್ಲ. ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಅವನ ಹಿಂದೆಯೇ ಮೆಟ್ಟಿಲು ಹತ್ತಿದಳು. ಹೇಳಿದ್ದನ್ನೆಲ್ಲ ಬರೆದುಕೊಂಡಳು, ಬರೆದುಕೊಂಡದ್ದನ್ನು ಮರುದಿನ ಮಾಡಿ ತೋರಿಸಿದಳು. "ಉಸ್ತಾದ್, ಇದು ಯಾಕೆ?" ಎಂದು ದಿನಕ್ಕೆ ಇಪ್ಪತ್ತು ಸಲ ಕೇಳಿದಳು. ನಾಲ್ಕನೆಯ ತಿಂಗಳಿನಲ್ಲಿ ಒಮ್ಮೆ ಸೂಪರ್‌ವೈಸರನ ಎದುರಿಗೇ ದೇಜಪ್ಪನ ಅಳತೆಯಲ್ಲಿ ಒಂದು ತಪ್ಪು ತೋರಿಸಿದಳು, ತುಂಬಾ ಮರ್ಯಾದೆಯಿಂದಲೇ. ಸೂಪರ್‌ವೈಸರ್ ಅವಳ ಅಳತೆಯನ್ನು ಬರೆದುಕೊಂಡ. ಅವತ್ತು ಸಂಜೆ ದೇಜಪ್ಪ ಡೈರಿ ತೆಗೆದು ಏಳನೇ ಪುಟದ ಅಂಚಿನಲ್ಲಿ ಒಂದು ಸಾಲು ಬರೆದ.

ಅವನು ಹೋದ ಮೇಲೆ ಜನವರಿಯ ಒಂದು ಬೆಳಿಗ್ಗೆ ಅದು ಆಯಿತು. ಟೇಪು ಇನ್ನೂ ಜಾಗ ಇದೆ ಎಂದಿತು, ಸಲ್ಮಾ ಪಂಪು ನಡೆಯಲಿ ಎಂದಳು. ಎಣ್ಣೆ ಸುತ್ತಲಿನ ಕಟ್ಟೆಯೊಳಗೇ ನಿಂತದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಸಲ್ಮಾಳ ಕೆಲಸ ಹೋಯಿತು. ಅಲ್ಲೇ ಕೆಲಸದಲ್ಲಿದ್ದ ಗೆಳೆಯ ರೋಷನ್ ಫೋನ್ ಮಾಡಿ ತಿಳಿಸಿದಾಗ ಊರಿನಲ್ಲಿದ್ದ ದೇಜಪ್ಪ ಜೋರಾಗಿ ನಕ್ಕು, "ನಾನು ಹೇಳಿರ್ಲಿಲ್ವಾ?" ಎಂದಿದ್ದ. ಕಂಪನಿಯವರು ವಾಪಸು ಬಾ ಎಂದು ಕರೆಯುತ್ತಾರೆಂದು ಎರಡು ತಿಂಗಳು ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಅವರು ಕರೆಯಲಿಲ್ಲ. ಒಂಬತ್ತು ಟ್ಯಾಂಕಿಗೂ ತಾನಾಗಿಯೇ ಅಳೆಯುವ ರಾಡಾರ್ ಮೀಟರು ಕೂರಿಸಿ, ಆ ಹುದ್ದೆಯನ್ನೇ ತೆಗೆದುಹಾಕಿದರು. ಅವನಿಗೂ ಇಲ್ಲ, ಅವಳಿಗೂ ಇಲ್ಲ.

ಈಗ ಅವಳು ಬೈಯಲಿಲ್ಲ, ಆಪಾದನೆ ಹೊರಿಸಲಿಲ್ಲ. ಆ ಪುಟದಲ್ಲಿ ಏನಿದೆ ಎಂದಷ್ಟೇ ಕೇಳಿದ್ದಳು. ದೇಜಪ್ಪ ಒಂಬತ್ತು ದಿನ ಉತ್ತರ ಕೊಡಲಿಲ್ಲ.

ಆ ಒಂಬತ್ತು ದಿನಗಳಲ್ಲಿ ವೇರ್‌ಹೌಸಿನಲ್ಲಿ ಅವನನ್ನು ಇನ್ನೊಂದು ವಿಭಾಗಕ್ಕೆ ಹಾಕಿದರು. ಅಲ್ಲಿ ಕೆಲಸ ತೋರಿಸಿಕೊಡಲು ಬಂದವಳು ಮಂಡ್ಯ ಕಡೆಯ ತಾಯಮ್ಮ. ಅರ್ಧ ಗಂಟೆಯಲ್ಲಿ ಎಲ್ಲ ಹೇಳಿಕೊಟ್ಟಳು. ಯಾವ ಸ್ಕ್ಯಾನರು ಹಟ ಮಾಡುತ್ತದೆ, ಯಾವ ಬೆಲ್ಟು ಯಾವಾಗ ನಿಲ್ಲುತ್ತದೆ, ನಿಂತರೆ ಎಲ್ಲಿ ಒಂದು ಏಟು ಕೊಡಬೇಕು, ಎಲ್ಲವನ್ನೂ. ಜನ ಕಡಿಮೆ ಮಾಡುತ್ತಾರೆಂಬ ಸುದ್ದಿ ಅಲ್ಲೂ ಇತ್ತು. "ಎಲ್ಲಾ ಹೇಳ್ಕೊಟ್ರೆ ನಾಳೆ ನಿಮ್ಮನ್ನೇ ತೆಗೆದ್ರೆ?" ಎಂದು ದೇಜಪ್ಪ ಕೇಳಿಯೇಬಿಟ್ಟ.

"ತೆಗೀಲಿ ಬುಡಿ," ಎಂದಳು ತಾಯಮ್ಮ. "ಗೊತ್ತಿಲ್ದೆ ನೀವು ಬೆರಳು ಕುಯ್ಕಂಡ್ರೆ ಆವಾಗ ನಾನೇನ್ ಮಕ ತೋರ್ಸ್ಲಿ?"

ಅವತ್ತು ಮನೆಗೆ ಡ್ರೈವ್ ಮಾಡುವಾಗ ಅವನಿಗೆ ಎರಡು ಸಲ ಹೈವೇಯಿಂದ ಇಳಿಯುವ ಎಕ್ಸಿಟ್ ತಪ್ಪಿತು. ನಾಚಿಕೆ ಎನ್ನುವುದು ಮೂರು ವರ್ಷ ಎಲ್ಲಿ ಅಡಗಿತ್ತೋ ಏನೋ, ಈಗ ಬಂದು ಮೈಯೆಲ್ಲ ಹರಡಿತು. ಆದರೂ ಮನುಷ್ಯ ಒಂದೇ ಸಲಕ್ಕೆ ನೆಟ್ಟಗಾಗುತ್ತಾನೆಯೇ? ಮೊದಲು ಅಡ್ಡದಾರಿ ಹಿಡಿದ. ನಿಹಾಲ್‌ನಿಂದ ಒಂದು ಒಳ್ಳೆಯ ಇಂಗ್ಲಿಷ್ ಪತ್ರ ಬರೆಸಿ ಸಲ್ಮಾಗೆ ಕಳಿಸಿದ. ಸಲ್ಮಾ ಶ್ರದ್ಧೆಯ ಹುಡುಗಿ, ಪ್ರಾಮಾಣಿಕಳು, ನಾನೇ ಕಲಿಸಿದ್ದೇನೆ ಇತ್ಯಾದಿ. ಯಾಕೆ ಏನು ಎಂದು ಅಳಿಯ ಕೇಳಲಿಲ್ಲ, "ಸೋ ಸ್ವೀಟ್ ಆಫ್ ಯು ಮಾವ," ಎಂದ.

ಸಲ್ಮಾಳ ಉತ್ತರ ಅರ್ಧ ಗಂಟೆಯಲ್ಲಿ ಬಂತು. "ಧನ್ಯವಾದ ಉಸ್ತಾದ್. ಆದರೆ ನಾನು ಒಳ್ಳೆಯವಳೋ ಅಲ್ಲವೋ ಎಂದು ಸಮಿತಿ ಕೇಳುತ್ತಿಲ್ಲ. ನನಗೆ ಹೇಳಿದ್ದರೋ ಇಲ್ಲವೋ ಎಂದು ಕೇಳುತ್ತಿದೆ. ಆ ಪುಟ, ಅದರ ಅನುವಾದ, ಕೆಳಗೆ ನಿಮ್ಮ ಸಹಿ, ನೋಟರಿ. ಇಷ್ಟು ಬೇಕು. ಕೊಡಲಾಗದಿದ್ದರೆ ಕೊಡಲಾಗದು ಎಂದು ಬರೆಯಿರಿ, ನಾನು ಕಾಯುವುದನ್ನು ಬಿಡುತ್ತೇನೆ."

ಡೈರಿ ಹೆಂಡತಿ ಗುಲಾಬಿಯ ಬೀರುವಿನಲ್ಲಿ ಪಾಸ್‌ಪೋರ್ಟುಗಳ ಜೊತೆಗಿತ್ತು. ಗಂಡನ ಇಪ್ಪತ್ತಾರು ವರ್ಷದ ದುಡಿಮೆಯ ಗುರುತು ಎಂದು ಅದನ್ನು ಅಷ್ಟು ಜತನದಿಂದ ಇಟ್ಟಿದ್ದಳು. ದೇಜಪ್ಪ ತೆಗೆದು ನೋಡಿದ. ಆ ಅಂಚನ್ನು ಮಾತ್ರ ಕತ್ತರಿಯಿಂದ ಕತ್ತರಿಸಿದರೆ ಹೇಗೆ ಎಂದು ಒಂದು ಗಳಿಗೆ ಯೋಚಿಸಿದ. ಫೋಟೊ ಅವಳ ಬಳಿ ಇದೆ ಎಂಬುದು ನೆನಪಾಗಿ, ತನ್ನನ್ನು ತಡೆದದ್ದು ಒಳ್ಳೆಯತನವಲ್ಲ ಆ ಫೋಟೊ ಎಂಬುದೂ ಗೊತ್ತಾಗಿ, ತನ್ನ ಮೇಲೆಯೇ ಹೇಸಿಗೆಯಾಯಿತು.

ಮನೆಯಲ್ಲಿ ಕನ್ನಡ ಓದಲು ಬರುವವರು, ಇಂಗ್ಲಿಷ್ ಮಾಡಿ ಸಹಿ ಹಾಕಬಲ್ಲವರು ಎಂದರೆ ಒಬ್ಬಳೇ, ದೀಕ್ಷಿತಾ.

ಶನಿವಾರ ಬೆಳಿಗ್ಗೆ ಅವಳು ಅಡುಗೆಮನೆಯ ಕೌಂಟರಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಗುಲಾಬಿ ಸಿಂಕಿನ ಹತ್ತಿರ ಬಸಳೆ ತೊಳೆಯುತ್ತಿದ್ದಳು. ದೇಜಪ್ಪ ಡೈರಿಯನ್ನು ಮಗಳ ಮುಂದೆ ಇಟ್ಟ.

"ಒಂದು ಪುಟ ಉಂಟು ಮಗಾ. ಇಂಗ್ಲಿಷಿಗೆ ಮಾಡ್ಬೇಕಿತ್ತು. ನೋಟರಿ ಸಹ ಬೇಕಂತೆ."

"ಎಂತ ಪಪ್ಪಾ, ಹೊಸ ಕೆಲಸಕ್ಕಾ?" ದೀಕ್ಷಿತಾಳ ಮುಖ ಅರಳಿತು. "ನಿಮ್ಮ ಎಕ್ಸ್‌ಪೀರಿಯನ್ಸಿಗೆ ಇಲ್ಲಿ ಲಿಂಡನ್ ಕಡೆ ಎಷ್ಟು ಆಯಿಲ್ ಟರ್ಮಿನಲ್ ಉಂಟು ಗೊತ್ತುಂಟಾ? ಕೊಡಿ ಕೊಡಿ."

ಅವಳು ಜೋರಾಗಿ ಓದುತ್ತ ಟೈಪ್ ಮಾಡತೊಡಗಿದಳು. "ಏಳನೇ ಟ್ಯಾಂಕ್. ಚಳಿಗಾಲದಲ್ಲಿ ದಕ್ಷಿಣದ ಕೊಳವೆ ನಂಬಬಾರದು. ಮೇಣ." ಅದರ ಕೆಳಗೆ ಹದಿಮೂರು ಚಳಿಗಾಲಗಳ ತಾರೀಖುಗಳು, ಯಾವ ದಿನ ಕೊಳವೆ ಎಷ್ಟು ಸೆಂಟಿಮೀಟರ್ ಕಡಿಮೆ ತೋರಿಸಿತು ಎಂಬುದು. ಎಷ್ಟು ಚೆನ್ನಾಗಿ ಬರೆದಿಟ್ಟಿದ್ದೀರಿ ಪಪ್ಪಾ ಎಂದು ನಡುನಡುವೆ ಹೇಳಿದಳು. ಅವಳು ಹಾಗೆ ಹೇಳಿದಷ್ಟೂ ದೇಜಪ್ಪ ಕುರ್ಚಿಯಲ್ಲಿ ಕುಗ್ಗಿದ. ಕೊನೆಗೆ ಪುಸ್ತಕವನ್ನು ಅಡ್ಡ ತಿರುಗಿಸಿ ಅಂಚಿನ ಸಾಲು ಓದಿದಳು.

"ಇದು ಹುಡುಗಿಗೆ ಹೇಳುವುದು ಬೇಡ. ಅವಳಿಗೆ ಬಾಕಿ ಎಲ್ಲ ಬರುತ್ತದೆ."

ಬೆರಳು ನಿಂತಿತು. "ಯಾವ ಹುಡುಗಿ?"

"ಕಥೆಯ ಹುಡುಗಿ."

ದೀಕ್ಷಿತಾ ಆ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ಗುಲಾಬಿ ನಲ್ಲಿ ನಿಲ್ಲಿಸಿದಳು.

"ಆ ಕಥೆ ನಾನೇ ಅಲ್ವಾ ಎಲ್ಲರ ಮನೆಯಲ್ಲೂ ಕೂಗಿ ಕೂಗಿ ಹೇಳಿಸಿದ್ದು," ಎಂದಳು ದೀಕ್ಷಿತಾ. ಅವಳ ದನಿ ಸಣ್ಣದಾಗಿತ್ತು. "ಎಷ್ಟು ಜನ ನಕ್ಕಿದ್ದಾರೆ ಪಪ್ಪಾ."

ದೇಜಪ್ಪ ಎಲ್ಲ ಹೇಳಿದ. ಸಲ್ಮಾಳ ಮೆಸೇಜು, ಮಾರ್ಚ್ ಹತ್ತು, ಮೂರು ವರ್ಷ ಕೆಲಸವಿಲ್ಲದೆ ಅವಳು ಮನೆಯಲ್ಲಿ ಕೂತದ್ದು. ಹೇಳುವಾಗ ಮಗಳ ಮುಖ ನೋಡಲಾಗದೆ ಲ್ಯಾಪ್‌ಟಾಪಿನ ಬೆನ್ನನ್ನೇ ನೋಡುತ್ತಿದ್ದ.

ಆಮೇಲೆ ಮೆಲ್ಲನೆ, ದೀಕ್ಷಿತಾ ತಾನೇ ಅವನಿಗೊಂದು ದಾರಿ ಹುಡುಕಿ ಕೊಟ್ಟಳು. "ಪಪ್ಪಾ, ಆ ವರ್ಷ ಅಮ್ಮನ ಮೊಣಕಾಲಿನ ಆಪರೇಷನ್ ಅಲ್ವಾ? ಕೆಲಸ ಹೋದ್ರೆ ಇನ್ಶೂರೆನ್ಸ್ ಹೋಗ್ತದೆ ಅಂತ ಹೆದರಿಕೆ ಇತ್ತು. ಅದಕ್ಕೋಸ್ಕರ ಹೀಗೆ ಮಾಡಿದ್ದು. ಅಲ್ವಾ? ಲೆಟರಿನಲ್ಲಿ ಹಾಗೇ ಬರೀತೇನೆ. ಯಾರಿಗಾದ್ರೂ ಅರ್ಥ ಆಗ್ತದೆ."

ಹೌದು ಎಂದರೆ ಮುಗಿಯುತ್ತಿತ್ತು. ಹೆಂಡತಿಗಾಗಿ ಮಾಡಿದ ತಪ್ಪು ಎಂದರೆ ಹಿಲ್ಸ್‌ಬರೋದಲ್ಲಿ ಯಾರೂ ಅವನನ್ನು ಕೀಳಾಗಿ ನೋಡುತ್ತಿರಲಿಲ್ಲ. ಮಗಳ ಕಣ್ಣಿನಲ್ಲಂತೂ ಅವನು ಇನ್ನಷ್ಟು ದೊಡ್ಡವನಾಗುತ್ತಿದ್ದ. ಹೌದು ಎನ್ನಿ ಪಪ್ಪಾ ಎಂದು ಅವಳ ಮುಖವೇ ಬೇಡುತ್ತಿತ್ತು.

"ಅಲ್ಲ ಮಗಾ," ಎಂದ ದೇಜಪ್ಪ. "ಆಪರೇಷನ್ ಅಷ್ಟೊತ್ತಿಗೆ ಆಗಿತ್ತು. ನಂಗೆ ಡ್ಯೂಟಿ ಇತ್ತು. ಅಮ್ಮನನ್ನು ಆಸ್ಪತ್ರೆಗೆ ಕರ್ಕೊಂಡು ಹೋದದ್ದೇ ಸಲ್ಮಾ."

"ಎರಡು ದಿನ ನನ್ನ ಹಾಸಿಗೆ ಬದಿಯಲ್ಲೇ ಇದ್ಲು ಆ ಮಗು," ಎಂದಳು ಗುಲಾಬಿ, ಗಂಡನ ಕಡೆ ತಿರುಗದೆಯೇ.

"ಹಾಗಾದ್ರೆ ಯಾಕೆ?"

"ಇಪ್ಪತ್ತಾರು ವರ್ಷದಲ್ಲಿ ನಾನು ಕಲಿತದ್ದನ್ನು ಅವಳು ನಾಲ್ಕು ತಿಂಗಳಲ್ಲಿ ಕಲಿತ್ಲು. ನನ್ನ ತಪ್ಪು ನಂಗೇ ತೋರಿಸಿದ್ಲು. ಅದು ನಂಗೆ ತಡೀಲಿಕ್ಕೆ ಆಗ್ಲಿಲ್ಲ. ಒಂದಾದ್ರೂ ಅವಳಿಗೆ ಗೊತ್ತಿಲ್ಲದ್ದು ಇರ್ಲಿ ಅಂತ." ಅಷ್ಟು ಹೇಳಿ ಅವನು ಅಂಗಿಯ ತುದಿಯಿಂದ ಮುಖ ಒರೆಸಿಕೊಂಡ. "ಬೇರೆ ಎಂತ ಕಾರಣವೂ ಇಲ್ಲ."

"ಇದನ್ನೇ ಬರೀಲಾ?"

"ಬರಿ."

ಅವಳು ಬರೆದಳು. ಒಂದು ಶಬ್ದವನ್ನೂ ಮೆದು ಮಾಡಲಿಲ್ಲ. ಅವನು ಹೇಳಿದ್ದಕ್ಕೆ ಅದೇ ಸರಿಯಾದ ಇಂಗ್ಲಿಷ್ ಎಂದು ದೇಜಪ್ಪನಿಗೂ ತಿಳಿಯಿತು. ಅನುವಾದದ ಕೆಳಗೆ ಅವಳ ಹೆಸರು, ಹೇಳಿಕೆಯ ಕೆಳಗೆ ಅವನದು. ಬ್ಯಾಂಕಿನಲ್ಲಿ ನೋಟರಿಯ ಹೆಂಗಸು ಅವನ ಐಡಿ ನೋಡಿ, ಯಾರ ಬಲವಂತವೂ ಇಲ್ಲದೆ ಸಹಿ ಹಾಕುತ್ತಿದ್ದೀರಾ ಎಂದು ಕೇಳಿ, ಠಸ್ಸೆ ಒತ್ತಿದಳು. ಮನೆಗೆ ಬಂದ ಮೇಲೆ ದೀಕ್ಷಿತಾ ಸ್ಕ್ಯಾನ್ ಮಾಡಿ ಕಳಿಸಿಕೊಟ್ಟು, ಅಪ್ಪನಿಗೆ ಊಟ ಬಡಿಸಿ, ಮಹಡಿಗೆ ಹೋದಳು. ಎಂದಿನಂತೆ ಎದುರಿಗೆ ಕೂತು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಸಲ್ಮಾಳ ಉತ್ತರ ಬಂದಿತ್ತು. ಅದರಲ್ಲಿ ಕ್ಷಮಿಸಿದೆ ಎಂದಿರಲಿಲ್ಲ, ಕ್ಷಮಿಸುವುದಿಲ್ಲ ಎಂದೂ ಇರಲಿಲ್ಲ. "ಸಮಿತಿಗೆ ಕೊಟ್ಟಿದ್ದೇನೆ. ಅವರು ಏನು ಹೇಳುತ್ತಾರೋ ಗೊತ್ತಿಲ್ಲ. ಉಸ್ತಾದ್, ಆ ಕೊಳವೆಯನ್ನು ನಂಬಬಾರದು ಎಂದು ಪುಟದಲ್ಲಿದೆ. ಹಾಗಾದರೆ ಸರಿಯಾಗಿ ಅಳೆಯುವುದು ಹೇಗೆ ಎಂದು ಇಲ್ಲ. ಮೂರು ವರ್ಷದಿಂದ ಯೋಚಿಸುತ್ತಿದ್ದೇನೆ, ಅವತ್ತು ಬೆಳಿಗ್ಗೆ ನಾನು ಏನು ಮಾಡಬೇಕಾಗಿತ್ತು? ಹೇಳಿಕೊಡಿ."

ದೇಜಪ್ಪ ವಾಯ್ಸ್ ಮೆಸೇಜಿಗೆಂದು ಫೋನನ್ನು ಬಾಯಿಯ ಹತ್ತಿರ ಹಿಡಿದು, ಒಮಾನಿನ ಕಾಲದ ಹಳೆಯ ಹಿಂದಿ-ಇಂಗ್ಲಿಷಿನಲ್ಲಿ ಹೇಳತೊಡಗಿದ. ಮೊದಲು ಪಂಪು ನಿಲ್ಲಿಸಬೇಕು. ಇಪ್ಪತ್ತು ನಿಮಿಷ ಸುಮ್ಮನೆ ಕಾಯಬೇಕು. ಟ್ಯಾಂಕಿನ ಉತ್ತರದ ಬದಿಗೆ ಹೋದರೆ ಅಲ್ಲೊಂದು ಸಣ್ಣ ಮುಚ್ಚಳ ಇದೆ, ಅದನ್ನು ಯಾರೂ ತೆರೆಯುವುದಿಲ್ಲ, ಅದನ್ನು ತೆರೆದು ಅಲ್ಲಿಂದ ಟೇಪು ಇಳಿಸಬೇಕು. ಎರಡು ಸಲ. ಎರಡೂ ಒಂದೇ ಬಂದರೆ ಅದೇ ಅಳತೆ. ನಡುವೆ ಒಮ್ಮೆ ನಿಲ್ಲಿಸಿ, ಮತ್ತೆ ಮೊದಲಿಂದ ಹೇಳಿದ. ಮಹಡಿಯಿಂದ ಇಳಿದು ಬಂದ ದೀಕ್ಷಿತಾ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವನು ಕಳಿಸುವ ಗುಂಡಿ ಒತ್ತಿ, ಮೆಸೇಜಿನ ಪಕ್ಕದಲ್ಲಿ ಎಷ್ಟು ಹೊತ್ತು ಎಂದು ಬಂದದ್ದನ್ನು ನೋಡಿದ. ಎಲ್ಲ ಹೇಳಿ ಮುಗಿಸುವುದಕ್ಕೆ ನಾಲ್ಕು ನಿಮಿಷವೂ ಬೇಕಾಗಿರಲಿಲ್ಲ.